ಮುಳುಗಿಸುವ ಕೈ

“ನನ್ನ ಮುಳುಗಿಸೋದು ನೀವೇ ಆಗ್ಬೇಕು, ಯಜಮಾನ್ರೇ.”

ವೆಲ್ಡರ್ ಹೀಗೆ ಕೇಳಿದ್ದು ಕ್ರೈಸ್ತ ಸಭೆಯ ಹಿರಿಯರೊಬ್ಬರನ್ನು. ದೀಕ್ಷಾಸ್ನಾನಕ್ಕೆ ನಿಂತವರು ಸಭೆಯ ಹಿರಿಯರಲ್ಲಿ ತಮಗೆ ಬೇಕಾದವರನ್ನು ನೀರಿಗೆ ಕರೆಯಬಹುದು. ಕರೆಸಿಕೊಂಡವರು ಒಲ್ಲೆ ಎನ್ನುವಂತಿಲ್ಲ. ಅದು ಅಲ್ಲಿನ ಪದ್ಧತಿ.

ಕೆಲವು ವರ್ಷಗಳ ಹಿಂದೆ ಇದೇ ವೆಲ್ಡರ್ ಗುಂಪು ಕಟ್ಟಿಕೊಂಡು ಬಂದು ಪ್ರಾರ್ಥನಾಲಯದ ಮೇಲೆ ಕಲ್ಲು ತೂರಿದ್ದ. ಹಿರಿಯರ ಒಬ್ಬನೇ ಮಗ ಬಾಗಿಲಿಗೆ ಅಡ್ಡ ನಿಂತಿದ್ದ; ತಲೆಗೆ ಕಲ್ಲು ತಗುಲಿ ಬಿದ್ದವನು ಮತ್ತೆ ಏಳಲಿಲ್ಲ. ಸಾಕ್ಷಿ ಸಾಲದೆ ಬಿಡುಗಡೆಯಾದ ವೆಲ್ಡರ್ ಮೊದಮೊದಲು ಹೊರಗಿನ ಮೆಟ್ಟಿಲ ಮೇಲೆ, ಆಮೇಲೆ ಹಿಂದಿನ ಬೆಂಚಿನಲ್ಲಿ ಬಂದು ಕೂರತೊಡಗಿದ. ಒಂದು ದಿನ ಎದ್ದು ನಿಂತು, “ಆ ಕಲ್ಲು ನಂದೇ” ಎಂದು ಎಲ್ಲರೆದುರು ಒಪ್ಪಿಕೊಂಡ. ಅಂದು ಒಡೆದುಹೋದ ದೀಕ್ಷಾಸ್ನಾನದ ತೊಟ್ಟಿಯ ಜಾಗದಲ್ಲಿ ತಗಡು ಬೆಸೆದು ಹೊಸ ತೊಟ್ಟಿ ಕೂರಿಸಿದವನೂ ಅವನೇ.

ಸ್ನಾನದ ದಿನ ಬೆಳಿಗ್ಗೆ ಹಿರಿಯರ ಹೆಂಡತಿ ಅವರ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

“ಅವನು ನಾಟಕ ಆಡ್ತಿದ್ದಾನೆ ಅನ್ಸುತ್ತಾ ನಿಂಗೆ?” ಹಿರಿಯರು ಕೇಳಿದರು.

“ಅವನನ್ನ ದೇವರು ನೋಡ್ಕೊಳ್ತಾನೆ ಬಿಡಿ. ನಂಗೆ ನಿಮ್ಮ ಕೈ ಮೇಲೇ ನಂಬಿಕೆ ಇಲ್ಲ.”

ಹಿರಿಯರನ್ನು ತಿನ್ನುತ್ತಿದ್ದ ಭಯವೂ ಅದೇ.

ತೊಟ್ಟಿಯಲ್ಲಿ ಎದೆಮಟ್ಟ ನೀರು. “ಸೋರಲ್ಲ ತಾನೇ, ಮೇಸ್ತ್ರಿ?” ಎಂದು ಯಾರೋ ಚೇಷ್ಟೆ ಮಾಡಿದರು. ವೆಲ್ಡರ್ ನಗಲಿಲ್ಲ. ಅವನ ಹಲ್ಲು ಕಟಕಟಿಸುತ್ತಿದ್ದವು.

“ಯಜಮಾನ್ರೇ, ನಂಗೆ ಈಜು ಬರಲ್ಲ.”

“ಇಷ್ಟು ನೀರಿಗೆ ಈಜೇನಪ್ಪಾ.”

ಹಿರಿಯರು ತ್ರಿಯೇಕ ದೇವರ ಹೆಸರು ಹೇಳಿ, ಒಂದು ಕೈ ಅವನೆದೆಯ ಮೇಲೂ ಇನ್ನೊಂದನ್ನು ತಲೆಯ ಹಿಂದೂ ಇಟ್ಟು ಹಿಂದಕ್ಕೆ ಮಲಗಿಸಿದರು. ನೀರು ಮುಖವನ್ನು ಮುಚ್ಚಿತು. ಆಗ ಅಂಗೈಗೆ ಅವನ ಬುರುಡೆ ಸಿಕ್ಕಿತು, ಕಿವಿಯಿಂದ ತುಸು ಮೇಲೆ. ಅಂದು ಮಗನ ತಲೆಯ ರಕ್ತ ಒರೆಸುವಾಗ ಬೆರಳು ಒಳಗಿಳಿದದ್ದು ಅಲ್ಲೇ. ಎತ್ತಬೇಕಾದ ಕೈ ಮರಗಟ್ಟಿತು.

ಹಾಡು ಹಾಡುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ನೀರಿನ ಮೇಲೆ ಗುಳ್ಳೆಗಳು ಎದ್ದವು. ಆಮೇಲೆ ಅವೂ ನಿಂತವು.

“ಎತ್ರೀ! ನಿಮ್ಮ ದಮ್ಮಯ್ಯ, ಎತ್ರೀ!” ಹಿರಿಯರ ಹೆಂಡತಿ ಕಿರುಚಿದಳು.

ಹಿರಿಯರು ಬೆಚ್ಚಿಬಿದ್ದು ಅವನನ್ನು ಮೇಲಕ್ಕೆಳೆದರು. ಅವನು ಕೆಮ್ಮಿದ, ನೀರು ಕಕ್ಕಿದ, ತೊಟ್ಟಿಯ ಅಂಚಿಗೆ ಜೋತುಬಿದ್ದು ಏದುಸಿರುಬಿಟ್ಟ.

“ನಿನಗೇನು ಬಂದಿತ್ತೋ!” ಹಿರಿಯರು ಅವನ ಭುಜ ಹಿಡಿದು ಕುಲುಕಿದರು. “ಒದ್ದಾಡಬಾರ್ದಾಗಿತ್ತಾ? ನನ್ನ ಕೈ ತಳ್ಳಿ ಏಳಬಾರ್ದಾಗಿತ್ತಾ?”

“ಒದ್ದಾಡಲ್ಲ ಅಂತ ಗಟ್ಟಿ ಮಾಡ್ಕೊಂಡೇ ಬಂದಿದ್ದೆ, ಯಜಮಾನ್ರೇ,” ಎಂದ ವೆಲ್ಡರ್. “ಏನೇ ಆದ್ರೂ ಪೊಲೀಸರ ಹತ್ರ ಹೋಗ್ಬೇಡ ಅಂತ ನನ್ನ ಹೆಂಡ್ತಿಗೂ ಹೇಳಿ ಬಂದಿದ್ದೀನಿ.”