ವಾಸನೆಯಿಲ್ಲದ ವೈನ್

ಆಸ್ಟ್ರೇಲಿಯಾದ ಶಿರಾಜ್ ವೈನಿನ ಗ್ಲಾಸನ್ನು ಈರೇಶ ಮೂರನೆಯ ಸಲ ಮೂಗಿಗೆ ಹಿಡಿದ. ಏನೂ ಬರಲಿಲ್ಲ. ಕುಂದಗೋಳದ ಮನೆಯ ಪಡಸಾಲೆಯಲ್ಲೇ ಕೂತು ಎಷ್ಟೋ ವೈನ್‌ಗಳ ಪರಿಮಳ ಬಣ್ಣಿಸಿದ್ದ ಅವನು, ವಿಡಿಯೊ ಮಾಡಲು ಎದುರಿಗಿಟ್ಟ ಮೊಬೈಲಿಗೆ ಬೇಸರದಿಂದ ಹೇಳಿದ: “ಈ ಬಾಟ್ಲಿ ಕೆಟ್ಟೈತ್ ನೋಡ್ರಿ. ವಾಸನೀನ ಇಲ್ಲ.”

ಅಷ್ಟರಲ್ಲಿ ಹಿತ್ತಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿ ರೋಹಿಣಿ ಓಡಿಬಂದು ಪಡಸಾಲೆಯ ಪಕ್ಕದ ಅಡುಗೆಮನೆಯ ಒಲೆ ಆರಿಸಿದಳು. ಕರಕಾದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಅವನೆದುರು ನಿಂತಳು. “ಹಾಲು ಹೊತ್ತಿ ಹಿತ್ತಲತನಕ ನಾರಾಕತ್ತೈತಿ. ಇಲ್ಲೇ ಕುಂತೀರಿ, ಗೊತ್ತಾಗ್ಲಿಲ್ಲೇನ್ರಿ?”

ಈರೇಶ ಎದ್ದು ಪಾತ್ರೆಯತ್ತ ಬಾಗಿ ಉಸಿರೆಳೆದ. ಹಬೆ ಕಣ್ಣಿಗೆ ಹೊಡೆಯಿತು, ಅಷ್ಟೇ. ಅವಳ ಇನ್ನೊಂದು ಕೈಯನ್ನು ಹಿಡಿದು, ಬೆಳ್ಳುಳ್ಳಿಯ ಸಿಪ್ಪೆ ಅಂಟಿದ್ದ ಬೆರಳುಗಳನ್ನು ಮೂಗಿಗೆ ಒತ್ತಿಕೊಂಡ.

“ಏನ್ ಮಾಡಾಕತ್ತೀರಿ?”

ಅವನು ಕೈ ಬಿಡಲಿಲ್ಲ. ಮತ್ತೊಮ್ಮೆ ಉಸಿರೆಳೆದ.

“ರೋಹಿಣಿ, ನನಗ ಯಾವ ವಾಸನೀನೂ ಬರವಲ್ದು.”