ಒಂದು ಮೊಳ ಬೆಳಕು

ಹಗಲಿನಲ್ಲೇ ದಿನಕ್ಕೆ ಎರಡು ಮೂರು ಸಲ ಕತ್ತಲು ಕವಿಯತೊಡಗಿ ಒಂಬತ್ತು ವರ್ಷವಾಗಿತ್ತು. ತಿಪಟೂರಿನಲ್ಲಿ ಯಾರೂ ಟಾರ್ಚ್ ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ.

"ಇದನ್ನ ತಗೊಳ್ಳಿ ಅಮ್ಮ, ರೈಲ್ವೆ ಗೇಟಿನವರೆಗೂ ಬೆಳಕು ಬೀಳುತ್ತೆ," ಎಂದ ಟಾರ್ಚ್ ಅಂಗಡಿಯ ಇಲಿಯಾಸ್.

"ನಂಗೆ ಒಂದು ಮೊಳ ದೂರ ಬಿದ್ರೆ ಸಾಕಪ್ಪ," ಎಂದರು ಗಿರಿಜಾಂಬ.

ಪಕ್ಕದಲ್ಲಿದ್ದ ಗಂಡ ನಂಜಪ್ಪನವರಿಗೆ ಕಿವಿ ಕೇಳಿಸದು. ತುಟಿ ನೋಡಿಯೇ ಮಾತು ತಿಳಿಯಬೇಕು. ಮೊನ್ನೆ ಕತ್ತಲಾದಾಗ ಆಕೆ "ನಿಲ್ಲಿ" ಎಂದು ಕೂಗಿಕೊಂಡರೂ ಅವರು ಚರಂಡಿಗೆ ಕಾಲಿಟ್ಟು ಬಿದ್ದಿದ್ದರು. ಆಕೆ ಹಳೆಯ ಟಾರ್ಚನ್ನು ತಮ್ಮ ಮುಖಕ್ಕೆ ಹಿಡಿದುಕೊಂಡರೆ ಕಣ್ಣು ಕುಕ್ಕಿ ತುಟಿಯೇ ಸೊಟ್ಟಗಾಗಿ, ಅವರಿಗೆ ಮಾತು ತಿಳಿಯುತ್ತಿರಲಿಲ್ಲ.

ಇಲಿಯಾಸ್ ಒಳಗಿನಿಂದ ಬೆರಳುದ್ದದ, ಮಂದ ಹಳದಿ ಬೆಳಕಿನ ಟಾರ್ಚೊಂದನ್ನು ತಂದುಕೊಟ್ಟ. ಅಷ್ಟರಲ್ಲೇ ಕತ್ತಲು ಕವಿಯಿತು. ಬೀದಿಯ ತುಂಬ ಟಾರ್ಚುಗಳು ಹೊತ್ತಿಕೊಂಡವು. ಇಲಿಯಾಸ್ ಮಾತ್ರ ತನ್ನದನ್ನು ಹೊತ್ತಿಸದೆ, "ಈಗ ನೋಡಿ ಅಮ್ಮ," ಎಂದ.

ಗಿರಿಜಾಂಬ ಅದನ್ನು ಗಲ್ಲದ ಕೆಳಗೆ ಹಿಡಿದು, ದನಿಯಿಲ್ಲದೆ ಬರೀ ತುಟಿಯಲ್ಲಿ ಕೇಳಿದರು: "ಕಾಲು ಇನ್ನೂ ನೋಯ್ತಿದೆಯೇನ್ರೀ?"

"ನೋಯ್ತಿದೆ ಕಣೆ," ಎಂದರು ನಂಜಪ್ಪ. ಬೆಳಕಿನಲ್ಲಿ ಹತ್ತು ಸಲ ಕೇಳಿದಾಗಲೂ ಇಲ್ಲವೆಂದೇ ತಲೆಯಾಡಿಸಿದ್ದವರು ಅವರು.

ಗಿರಿಜಾಂಬ ಕತ್ತಲಲ್ಲೇ ತಡಕಿ ಅವರ ಕೈಯನ್ನು ತಮ್ಮ ಹೆಗಲ ಮೇಲೆ ಇಟ್ಟುಕೊಂಡರು.

"ಇದೇ ಇರಲಿ ಕಣಪ್ಪ," ಎಂದರು.