ಕೇಸರಿಬಾತು ಮತ್ತು ಪ್ರೊಸೆಸರ್

ಕೇಸರಿಬಾತಿನ ತಟ್ಟೆಯನ್ನು ಕೈಗಿಟ್ಟವಳೇ ಹುಡುಗಿ ಮೊಬೈಲನ್ನು ತನ್ನನ್ನು ನೋಡಲು ಬಂದಿದ್ದ ವಿರೂಪಾಕ್ಷನ ಮುಂದೆ ಹಿಡಿದಳು.

“ಈ ಎರಡು ಪ್ರೊಸೆಸರಲ್ಲಿ ಯಾವುದು ತಗೊಳ್ಳಲಿ? ಹಗಲು ಆಫೀಸ್ ಕೆಲಸ, ಸಂಜೆ ಗೇಮ್.”

ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಸಂಬಳ ಎಷ್ಟು, ಸೈಟು ಎಲ್ಲಿ ಎಂದಷ್ಟೇ ಕೇಳಿಸಿಕೊಂಡು ಬೇಸತ್ತಿದ್ದ ಕಂಪ್ಯೂಟರ್ ಎಂಜಿನಿಯರನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಮದುವೆಯಾದರೆ ಇವಳನ್ನೇ ಎಂದು ಕೂತಲ್ಲೇ ನಿಶ್ಚಯಿಸಿದ.

“ಎರಡನೇದು ಬರೀ ಗೇಮಿಗೆ ಹುಲಿ. ಮೊದಲನೇದು ಎರಡಕ್ಕೂ ಸೈ, ಬಿಸಿನೂ ಕಮ್ಮಿ. ಮದರ್‌ಬೋರ್ಡ್ ಯಾವುದಿದೆ?”

ಅವಳು ಫೋಟೊ ತೋರಿಸಿದಳು.

“ಅರೆ, ಇದಕ್ಕೆ ಸರಿಯಾಗಿ ಕೂರುತ್ತೆ! ನೀವೇ ಆರಿಸಿದ್ರಾ?”

“ಇಲ್ಲಪ್ಪ. ಹೋದ ತಿಂಗಳು ಮನೆಗೆ ಬಂದಿದ್ದೋರು ಒಬ್ರು ಹೇಳಿದ್ರು.”

ಆ ಮಾತು ಅವನ ತಲೆಗೆ ಹೋಗಲಿಲ್ಲ. ಅವನಾಗಲೇ ಅಮ್ಮನ ಕಡೆ ತಿರುಗಿ ಕಣ್ಸನ್ನೆ ಮಾಡಿದ್ದ. ಅಮ್ಮ ನಗುತ್ತ ತಾಂಬೂಲದ ತಟ್ಟೆಯನ್ನು ಮುಂದೆ ಸರಿಸಿದರು.

“ನಮಗಂತೂ ಒಪ್ಪಿಗೆ. ನೀನೇನಂತೀಯಮ್ಮಾ?”

ಅವಳು ಮೊಬೈಲಿನಲ್ಲಿ ಮೊದಲನೆಯ ಪ್ರೊಸೆಸರನ್ನು ಆರ್ಡರ್ ಮಾಡಿ ಮುಗಿಸಿ, ತಟ್ಟೆಯನ್ನು ಬಂದ ದಾರಿಗೇ ಸರಿಸಿದಳು.

“ಬೇಡ ಆಂಟಿ. ಭಾನುವಾರ ಗ್ರಾಫಿಕ್ಸ್ ಕಾರ್ಡ್ ಗೊತ್ತಿರೋರು ನೋಡೋಕೆ ಬರ್ತಿದ್ದಾರೆ.”